ಕೂಸು ತಡವಾದರೆ ತಾಯಿಗೇಕೆ ಶಿಕ್ಷೆ?

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಹಿಳಾ ಸಂಘಗಳ ಸದಸ್ಯೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)



ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಮಾತಾಡುವ ಸಭೆಯಲ್ಲಿ ಇವಳು ಕೂಸು ಕೂರುವುದು, ನಡೆಯುವುದು, ಮಾತಾಡುವುದರ ಬಗ್ಗೆ ಹೇಳಲು ಎದ್ದು ನಿಂತಿದ್ದಾಳಲ್ಲ ಎಂದು ನಿಮಗೆ ಅನಿಸಬಹುದು. ಅದು ಆಸ್ಪತ್ರೆಯವರ ವಿಷಯ, ಇದು ನಮ್ಮ ವಿಷಯ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಹಾಗಲ್ಲ ಎಂದು ನನಗೆ ಕಲಿಸಿದವಳು ಹನೂರು ಕಡೆಯ ಒಬ್ಬ ತಂಗಿ. ಅವಳ ಹೆಸರನ್ನೂ ಊರನ್ನೂ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಇಲ್ಲಿ ಕೂತಿರುವ ಪ್ರತಿಯೊಬ್ಬರಿಗೂ ಅಂಥ ಒಬ್ಬಳು ಗೊತ್ತು.

ಅವಳ ಮಗನಿಗೆ ಒಂದೂವರೆ ವರ್ಷವಾದರೂ ಕರೆದರೆ ತಿರುಗುತ್ತಿರಲಿಲ್ಲ. ಮೊದಲು ಅತ್ತೆ, 'ಗಂಡುಮಕ್ಕಳು ಮಾತು ತಡ, ಇವನಪ್ಪನೂ ಹಂಗೇ ಇದ್ದ' ಎಂದರು. ಎರಡು ವರ್ಷವಾಯಿತು. ಆಗ ಅದೇ ಬಾಯಿ, 'ಇದು ನಮ್ಮ ವಂಶದಲ್ಲಿ ಇಲ್ಲ, ನಿಮ್ಮ ಕಡೆಯಿಂದ ಬಂದದ್ದು' ಎಂದಿತು. ಗಂಡನ ಕೈ ಮೇಲಾಗಲು ಅಷ್ಟು ಸಾಕಾಯಿತು. ಆಮೇಲೆ ಒಂದು ದಿನ ಕೂಸಿನ ಸಮೇತ ಅವಳನ್ನು ತವರಿಗೆ ಬಿಟ್ಟು, 'ಇವನ ಔಷಧಿ ಖರ್ಚಿಗೆ ನಿಮ್ಮಪ್ಪನ ಹತ್ತಿರ ದುಡ್ಡು ಇಸ್ಕೊಂಡು ಬಾ, ಇಲ್ಲಾಂದ್ರೆ ಅಲ್ಲೇ ಇರು' ಎಂದು ಹೊರಟುಹೋದರು. ಮದುವೆಯಲ್ಲಿ ಕೊಟ್ಟ ಒಡವೆ, ಗಾಡಿ ಅವರ ಮನೆಯಲ್ಲೇ ಉಳಿಯಿತು. ಕೂಸಿನ ಜನನ ಪತ್ರ, ತಾಯಿ ಕಾರ್ಡು, ಆಧಾರ್ ಕೂಡ ಅಲ್ಲೇ ಉಳಿದವು.

ನಮ್ಮ ಹತ್ತಿರ ಬಂದಾಗ ನಾವೆಲ್ಲ ಕೇಳಿದ್ದು ಅವಳ ಮೈಮೇಲಿನ ಗಾಯದ ಬಗ್ಗೆ. ಪೊಲೀಸ್ ಠಾಣೆ, ವಕೀಲರು, ರಾಜಿ ಪಂಚಾಯಿತಿ ಎಂದು ಓಡಾಡಿದೆವು. ಅವಳ ಸೀರೆ ಸೆರಗು ಹಿಡಿದು ನಿಂತಿದ್ದ ಹುಡುಗನಿಗೆ ಕಿವಿ ಕೇಳಿಸುತ್ತದೆಯೇ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೊನೆಗೆ ಮೈಸೂರಿನಲ್ಲಿ ಪರೀಕ್ಷೆಯಾದಾಗ ಅವನಿಗೆ ನಾಲ್ಕು ವರ್ಷ ದಾಟಿತ್ತು. ಎರಡು ಕಿವಿಯೂ ಮಂದ. ಇಷ್ಟು ದಿನ ಯಾಕೆ ತರಲಿಲ್ಲ ಎಂದು ಅಲ್ಲಿ ಕೇಳಿದರಂತೆ. ಅವಳು ನನಗೆ ಹೇಳಿದ್ದು ಇಷ್ಟು: 'ಎಲ್ಲರೂ ತಪ್ಪು ಯಾರದು ಅಂತ ಕೇಳ್ತಿದ್ರು ಕಣಕ್ಕ. ಕೂಸಿಗೆ ಏನಾಗದೆ ಅಂತ ಯಾರೂ ಕೇಳ್ನಿಲ್ಲ.'

ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ. ತಪ್ಪು ಯಾರದು ಎನ್ನುವ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಒಂದೇ ಉತ್ತರ: ತಾಯಿಯದು. ಆ ಉತ್ತರ ತಾಯಿಗೆ ಏಟಾಗುತ್ತದೆ, ಮಗುವಿಗೆ ಕಳೆದುಹೋದ ಕಾಲವಾಗುತ್ತದೆ.

ಇದು ಇವತ್ತಿನ ಕಥೆಯಲ್ಲ. ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಮಲೆಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ, ನೀವೆಲ್ಲ ಕೇಳಿದ್ದೀರಿ. ಮಕ್ಕಳಿಲ್ಲದ ಸಂಕಮ್ಮ. ಕಾಡಿಗೆ ಹೋಗುವ ಗಂಡ ಅವಳ ಶೀಲದ ಮೇಲೆ ಆಣೆ ಭಾಷೆ ಕೇಳುತ್ತಾನೆ, ಕೊಡಲಾರೆ ಎಂದಾಗ ಚಿತ್ರಹಿಂಸೆ ಕೊಡುತ್ತಾನೆ. ಕೊನೆಗೆ ಮಾದಪ್ಪ ಅವಳ ಪರ ನಿಲ್ಲುತ್ತಾನೆ, ಗಂಡನ ಪರ ಅಲ್ಲ. ನಮ್ಮ ಜನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುತ್ತಾರೆ, ಆದರೆ ಆ ಕಥೆಯ ಈ ಭಾಗವನ್ನು ಮನೆಗೆ ತರುವುದಿಲ್ಲ. ಮಕ್ಕಳಾಗದಿದ್ದರೆ ಹೆಣ್ಣಿನ ತಪ್ಪು, ಹೆಣ್ಣು ಹುಟ್ಟಿದರೆ ಅವಳ ತಪ್ಪು, ಹುಟ್ಟಿದ ಕೂಸು ಮಾತಾಡದಿದ್ದರೆ ಅದೂ ಅವಳದೇ.

ಮಗು ತಡವಾಗಲು ನಿಜವಾದ ಕಾರಣಗಳೇನು? ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ಉಸಿರು ಸಿಗದೆ ಹೋದರೆ ಮೆದುಳಿಗೆ ಪೆಟ್ಟಾಗುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟಿದರೆ, ತೂಕ ತೀರ ಕಡಿಮೆಯಿದ್ದರೆ, ಹುಟ್ಟಿದ ಕೂಡಲೇ ಬಂದ ಕಾಮಾಲೆ ತೀರ ಏರಿದರೆ ತೊಂದರೆಯಾಗಬಹುದು. ತಾಯಿಗೆ ರಕ್ತ ಕಡಿಮೆಯಿದ್ದರೆ, ಹದಿನಾರು ಹದಿನೇಳಕ್ಕೆ ಮದುವೆ ಮಾಡಿ ಬಸುರಾದರೆ ಅಪಾಯ ಹೆಚ್ಚು. ಮಹದೇಶ್ವರ ಬೆಟ್ಟದ ಸುತ್ತಲಿನ ಇಂಡಿಗನತ್ತ, ತುಳಸೀಕೆರೆ, ಪಡಸಲನತ್ತದಂಥ ಕಾಡಂಚಿನ ಊರುಗಳಿಂದ ಬಸುರಿಯರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಎಷ್ಟು ಸಲ ಪತ್ರಿಕೆಯಲ್ಲಿ ಬಂದಿಲ್ಲ? ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರು. ರಸ್ತೆ ಇಲ್ಲದಿರುವುದು ಯಾವ ತಾಯಿಯ ದೋಷ?

ಇನ್ನೊಂದು ಕಾರಣವನ್ನು ನಾವೇ ಮುಚ್ಚಿಡುತ್ತೇವೆ. ಬಸುರಿಯ ಹೊಟ್ಟೆಗೆ ಒದ್ದರೆ, ಊಟ ಕೊಡದಿದ್ದರೆ, ಭಯದಲ್ಲೇ ಒಂಬತ್ತು ತಿಂಗಳು ಕಳೆದರೆ ಕೂಸು ಬೇಗ ಹುಟ್ಟುವುದೂ ತೂಕ ಕಡಿಮೆಯಾಗುವುದೂ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಆ ಸಮೀಕ್ಷೆಯಲ್ಲಿ ಬೇರೆ ಯಾವ ರಾಜ್ಯದಲ್ಲೂ ಇಷ್ಟು ಹೆಚ್ಚಿರಲಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲ. ಈ ಎರಡು ಅಂಕಿಗಳನ್ನು ಬೇರೆ ಬೇರೆ ಪುಟದಲ್ಲಿ ಅಚ್ಚು ಹಾಕುತ್ತಾರೆ. ಮನೆಯಲ್ಲಿ ಅವು ಒಂದೇ ಚಾಪೆಯ ಮೇಲೆ ಮಲಗುತ್ತವೆ.

ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ನಮ್ಮ ಕಡೆಯ ಪದ್ಧತಿಯ ಬಗ್ಗೆಯೂ ಒಂದು ಮಾತು. ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ಹತ್ತಿರದ ಸಂಬಂಧದಲ್ಲೇ ಆಗುತ್ತವೆ. ಇಬ್ಬರೂ ಒಂದೇ ಬೇರಿನವರಾದಾಗ ಇಬ್ಬರಲ್ಲೂ ಅಡಗಿದ್ದ ಒಂದೇ ಕೊರತೆ ಕೂಸಿನಲ್ಲಿ ಕೂಡಿ ಕಾಣಿಸಿಕೊಳ್ಳಬಹುದು. ಹುಟ್ಟುಕಿವುಡಿಗೆ ಇದು ಒಂದು ಕಾರಣ. ಹೀಗಾದಾಗಲೂ ಅರ್ಧ ಅಪ್ಪನ ಕಡೆಯಿಂದ ಬಂದಿರುತ್ತದೆ, ಅರ್ಧ ಅಮ್ಮನ ಕಡೆಯಿಂದ. ಸಂಬಂಧ ಗೊತ್ತು ಮಾಡಿದವರು ಹಿರಿಯರು. ಹಾಗಿದ್ದ ಮೇಲೆ 'ನಿಮ್ಮ ಕಡೆಯಿಂದ ಬಂದದ್ದು' ಎನ್ನುವ ಮಾತಿಗೆ ಅರ್ಥವೇನು? ಸೋದರಮಾವನಿಗೆ ಕೊಟ್ಟ ಮೇಲೆ 'ನಿಮ್ಮ ಕಡೆ', 'ನಮ್ಮ ಕಡೆ' ಎಂದು ಎರಡಾದರೂ ಎಲ್ಲಿವೆ?

ತಾಯಿಯನ್ನು ದೂರುವುದು ಓದುಬರಹವಿಲ್ಲದವರ ಅಜ್ಞಾನ ಎಂದು ತಿಳಿಯಬೇಡಿ. 1950-60ರ ದಶಕಗಳಲ್ಲಿ ಅಮೆರಿಕದ ದೊಡ್ಡ ದೊಡ್ಡ ಪಂಡಿತರೇ, ಮಗುವಿಗೆ ಆಟಿಸಂ ಬರುವುದು ತಾಯಿಯ ಮನಸ್ಸು ತಣ್ಣಗಿರುವುದರಿಂದ ಎಂದು ಬರೆದರು. ಅದು ಸುಳ್ಳು ಎಂದು 1964ರಲ್ಲಿ ವಾದಿಸಿ ಪುಸ್ತಕ ಬರೆದ ಬರ್ನಾರ್ಡ್ ರಿಮ್ಲಾಂಡ್ ಅಂಥ ಮಗುವಿನ ತಂದೆ. ಈಗ ಆ ಸಿದ್ಧಾಂತವನ್ನು ವಿಜ್ಞಾನ ಕೈಬಿಟ್ಟಿದೆ. ಅಷ್ಟರಲ್ಲಿ ಒಂದು ತಲೆಮಾರಿನ ತಾಯಂದಿರು ಅಪರಾಧಿಗಳಾಗಿ ಬದುಕಿದ್ದರು.

ಹಾಗಾದರೆ ಕಾಲ ಏಕೆ ಮುಖ್ಯ? ಮೊದಲ ಮೂರು ವರ್ಷದಲ್ಲಿ ಮೆದುಳು ಬೆಳೆಯುವ ವೇಗ ಆಮೇಲೆ ಬರುವುದಿಲ್ಲ. ಕೇಳಿಸದ ಕೂಸಿಗೆ ಹುಟ್ಟಿದ ಆರು ತಿಂಗಳೊಳಗೆ ಕಿವಿಯ ಯಂತ್ರ ಹಾಕಿ ಮಾತು ಕಲಿಸಲು ಶುರು ಮಾಡಿದರೆ ಅದು ಬೇರೆ ಮಕ್ಕಳ ಹತ್ತಿರ ಹತ್ತಿರ ಬರಬಹುದು. ನಾಲ್ಕು ವರ್ಷಕ್ಕೆ ಶುರು ಮಾಡಿದರೂ ಪ್ರಯೋಜನವಿದೆ, ಖಂಡಿತ ಇದೆ, ಆದರೆ ದಾರಿ ಬಹಳ ಉದ್ದ. ಕೈಕಾಲು ಬಿಗಿಯಾದ ಕೂಸಿಗೂ ಅಷ್ಟೇ. ಎಳೆಯದರಲ್ಲಿ ಸರಿಯಾಗಿ ಎತ್ತಿಕೊಳ್ಳುವುದು, ಕೂರಿಸುವುದು, ಅಂಗಸಾಧನೆ ಮಾಡಿಸುವುದನ್ನು ಕಲಿತರೆ ಸ್ನಾಯುಗಳು ಇನ್ನಷ್ಟು ಸೆಟೆದುಕೊಳ್ಳದಂತೆ ತಡೆಯಬಹುದು.

ನೆನಪಿಟ್ಟುಕೊಳ್ಳಲು ಕೆಲವೇ ಗುರುತುಗಳು ಸಾಕು. ಎರಡು ತಿಂಗಳಿಗೆ ಮುಖ ನೋಡಿ ನಗಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಎಂಟು ಒಂಬತ್ತು ತಿಂಗಳಿಗೆ ಆಸರೆ ಇಲ್ಲದೆ ಕೂರಬೇಕು. ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು, ಕೈಬೆರಳಿನಿಂದ ತೋರಿಸಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು, ಕೆಲವು ಮಾತು ಬರಬೇಕು. ಎರಡು ವರ್ಷಕ್ಕೆ 'ಅವ್ವ ಬಾ', 'ನೀರು ಕೊಡು' ಎಂದು ಎರಡು ಮಾತು ಜೋಡಿಸಬೇಕು. ಬಂದ ಮಾತು ಹೋಗಿಬಿಟ್ಟರೆ, ಯಾವ ವಯಸ್ಸಿನಲ್ಲೇ ಆಗಲಿ, ತಡಮಾಡಬಾರದು. ಈ ಗುರುತುಗಳು ಚಿತ್ರ ಸಮೇತ ನಿಮ್ಮ ತಾಯಿ ಕಾರ್ಡಿನಲ್ಲೇ ಇವೆ. ನಾವು ಅದರಲ್ಲಿ ಚುಚ್ಚುಮದ್ದಿನ ಪುಟ ಮಾತ್ರ ತೆರೆಯುತ್ತೇವೆ. ಒಂದು ತಿಂಗಳು ಹಿಂದೆ ಮುಂದೆ ಆದರೆ ಹೆದರಬೇಕಿಲ್ಲ. ಆದರೆ 'ನೋಡೋಣ, ಮೂರು ವರ್ಷ ತುಂಬಲಿ' ಎನ್ನಬೇಡಿ. ಕೊಳ್ಳೇಗಾಲದ ನೇಕಾರರ ಮನೆಗಳಲ್ಲಿ ಹಗಲೆಲ್ಲ ಮಗ್ಗದ ಸದ್ದು, ಅದರ ನಡುವೆ ಕೂಸಿಗೆ ಕೇಳಿಸುತ್ತಿಲ್ಲ ಎಂಬುದು ಗೊತ್ತೇ ಆಗುವುದಿಲ್ಲ. ಮಗ್ಗ ನಿಂತ ಹೊತ್ತಿನಲ್ಲಿ ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದು ನೋಡಿ.

ಮನೆಯಲ್ಲಿ ಹೊಡೆತ ನಡೆಯುವಾಗ ಕೂಸಿಗೆ ಏನೂ ತಿಳಿಯುವುದಿಲ್ಲ ಎಂದು ನಂಬಿದ್ದೇವೆ. ಅದು ತಪ್ಪು. ಬೆಚ್ಚುವುದು, ನಿದ್ದೆಗೆಡುವುದು, ತಾಯಿಯನ್ನು ಬಿಡದೆ ಅಂಟಿಕೊಳ್ಳುವುದು, ಆಡುತ್ತಿದ್ದ ಮಾತು ನಿಲ್ಲಿಸುವುದು, ಇವೆಲ್ಲ ಅದು ತಿಳಿದುಕೊಂಡಿದೆ ಎನ್ನುವುದಕ್ಕೆ ಗುರುತು. ಕೂಸು ಮಾತು ಕಲಿಯುವುದು ಯಾರಾದರೂ ಅದರೊಂದಿಗೆ ಮಾತಾಡಿದಾಗ. ಹೆದರಿದ ಮನೆಯಲ್ಲಿ ಮಾತೇ ಇರುವುದಿಲ್ಲ. ಇದನ್ನು ಕೇಳಿ ಮತ್ತೆ 'ನೀನು ಮಾತಾಡಿಸಲಿಲ್ಲ, ಅದಕ್ಕೇ' ಎಂದು ತಾಯಿಯ ಮೇಲೆ ಹೊರಿಸಬೇಡಿ. ಅವಳ ಬಾಯಿ ಕಟ್ಟಿದವರು ಯಾರು ಎಂದು ಕೇಳಿ.

ಅಂಗನವಾಡಿಯ ಅಕ್ಕಂದಿರೆ, ಇನ್ನು ನಿಮ್ಮ ವಿಷಯ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ನಮ್ಮ ಪಕ್ಕದ ಟಿ. ನರಸೀಪುರಕ್ಕೆ. ಐವತ್ತು ವರ್ಷಗಳಿಂದ ಈ ಸೀಮೆಯ ಕೂಸುಗಳನ್ನು ತೂಗಿದವರು, ಉಣಿಸಿದವರು ನೀವು. ಯಾವ ಕೂಸು ತಡ ಎಂದು ಡಾಕ್ಟರಿಗಿಂತ ಮುಂಚೆ ನಿಮಗೆ ಗೊತ್ತಾಗುತ್ತದೆ. ಆದರೂ ಹೇಳುವುದಿಲ್ಲ. ಏಕೆ ಎಂದು ನಿಮ್ಮಲ್ಲೇ ಒಬ್ಬರು ಹೇಳಿದರು: 'ನಾನು ಹೇಳಿದ ದಿನ ಸಾಯಂಕಾಲ ಆ ಹುಡುಗಿಗೆ ಏಟು ಬೀಳ್ತದೆ. ಮಾರನೇ ದಿನ ಅವಳತ್ತೆ ನನ್ನ ಬಾಗಿಲಿಗೆ ಬಂದು ಜಗಳ ತೆಗೀತಾಳೆ.' ನೀವೂ ಆ ಊರಿನ ಸೊಸೆಯಂದಿರೇ. ನಿಮ್ಮ ಭಯ ಸುಳ್ಳಲ್ಲ.

ಅದಕ್ಕೆ ನಮ್ಮ ಅನುಭವದಿಂದ ಕೆಲವು ಮಾತು. ತಾಯಿಯೊಬ್ಬಳನ್ನೇ ಕರೆದು ಹೇಳಬೇಡಿ. ಆಶಾ ಕಾರ್ಯಕರ್ತೆಯನ್ನು ಜೊತೆ ಮಾಡಿಕೊಂಡು ಮನೆಗೇ ಹೋಗಿ. ಕೂಸಿಗೆ 3, 6, 9, 12, 15 ತಿಂಗಳಾದಾಗ ಆಶಾ ಮನೆಗೆ ಹೋಗಿ ನೋಡಬೇಕೆಂಬ ಕ್ರಮ ಇದೆ. ಅಪ್ಪ ಮತ್ತು ಅತ್ತೆಯ ಎದುರಿನಲ್ಲೇ ಮಾತು ತೆಗೆಯಿರಿ. 'ದೋಷ', 'ಕೊರತೆ' ಎನ್ನಬೇಡಿ. 'ಕೂಸಿನ ಕಿವಿ ಪರೀಕ್ಷೆ ಮಾಡಿಸಬೇಕು, ಇಂಥ ದಿನ ಹೋಗಬೇಕು, ಅಪ್ಪ ಜೊತೆಗೆ ಬರಬೇಕು' ಎಂದು ಮಾಡಬೇಕಾದ ಕೆಲಸವನ್ನೇ ಹೇಳಿ. ಅಪ್ಪ ಕ್ವಾರಿ ಕೆಲಸಕ್ಕೋ ತಮಿಳುನಾಡಿಗೋ ಹೋಗಿದ್ದರೆ ಫೋನಿನಲ್ಲಿ ಹೇಳಿ. ಅತ್ತೆಯನ್ನು ಶತ್ರು ಎಂದು ನೋಡಬೇಡಿ. ಅವಳ ತಲೆಯ ಮೇಲೂ ಒಂದು ಕಾಲದಲ್ಲಿ ಇದೇ ಕಲ್ಲು ಹೊರಿಸಿದ್ದರು. ಮೊಮ್ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಬಂದ ಅತ್ತೆಯಂದಿರನ್ನೂ ನಾನು ಕಂಡಿದ್ದೇನೆ. ಮಾದಪ್ಪನಿಗೋ ಬಿಳಿಗಿರಿರಂಗನಿಗೋ ಹರಕೆ ಹೊತ್ತಿದ್ದರೆ ತೀರಿಸಲಿ, ಬೇಡ ಎನ್ನುವುದಿಲ್ಲ. ಬೆಟ್ಟ ಇಳಿದು ಬರುವಾಗ ಆಸ್ಪತ್ರೆಗೂ ಹೋಗಿ ಬರಲಿ.

ಎಲ್ಲಿಗೆ ಹೋಗಬೇಕು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ತಡವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ತಂಡ ಬರುವ ದಿನ ತವರಿಗೆ ಬಂದು ಕೂತ ಹೆಣ್ಣುಮಕ್ಕಳ ಕೂಸುಗಳನ್ನೂ ಕರೆತನ್ನಿ. 'ನಮ್ಮ ರಿಜಿಸ್ಟರಿನಲ್ಲಿ ಇಲ್ಲ' ಎಂದು ಬಿಡಬೇಡಿ. ಗಂಡನ ಊರಿನಲ್ಲಿ ಹೆಸರಿದ್ದು ತವರಿನಲ್ಲಿ ಬದುಕುವ ಕೂಸು ಎರಡು ಕಡೆಯೂ ಲೆಕ್ಕ ತಪ್ಪುತ್ತದೆ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆ ಸಂಸ್ಥೆ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಆರೋಗ್ಯ ಕೇಂದ್ರದಲ್ಲೇ ಹೊರಸೇವೆ ಶುರು ಮಾಡಿದ್ದು ಹಳ್ಳಿಯ ಬಾಗಿಲಿಗೆ ಇಂಥ ಸೇವೆ ಬರಬಲ್ಲದು ಎಂಬುದಕ್ಕೆ ಸಾಕ್ಷಿ. ಹನೂರಿಗೂ ಬೆಟ್ಟಕ್ಕೂ ಅದು ಬರಲಿ ಎಂದು ನಾವು ಕೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮೈಸೂರಿಗೆ ಹೋಗಲು ಗಂಡನ ಹತ್ತಿರ ಬಸ್ ಚಾರ್ಜು ಕೇಳಿ ಏಟು ತಿನ್ನುತ್ತಿದ್ದವಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ಆ ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ಉಳಿದ ಇನ್ನೊಂದು ಮಗುವನ್ನು ನೋಡುವವರು ಬೇಕು. ಅದನ್ನು ಸಂಘ ಮಾಡಬಹುದು. ಅಂಗವಿಕಲರ ಗುರುತಿನ ಚೀಟಿ, ಮಾಸಾಶನದ ಅರ್ಜಿ ತುಂಬಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಈಗ ಕಾನೂನಿನ ಮಾತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಅದು ಹೊಡೆತವನ್ನು ಮಾತ್ರ ದೌರ್ಜನ್ಯ ಎನ್ನುವುದಿಲ್ಲ. ಮಾತಿನ ಹಿಂಸೆ, ಹಣ ಕೊಡದೆ ಸತಾಯಿಸುವುದು ಕೂಡ ದೌರ್ಜನ್ಯವೇ. ಮಗು ಇಲ್ಲ, ಗಂಡುಮಗು ಇಲ್ಲ ಎಂದು ಹಂಗಿಸುವುದನ್ನು ಅದು ಹೆಸರಿಟ್ಟು ಹೇಳುತ್ತದೆ. 'ಇಂಥ ಕೂಸು ಹೆತ್ತವಳು' ಎಂದು ದಿನವೂ ಚುಚ್ಚುವುದು ಇದಕ್ಕಿಂತ ಬೇರೆಯೇ? ಮನೆಯಿಂದ ಹೊರಹಾಕದಂತೆ, ಮಗುವಿಗೆ ಜೀವನಾಂಶ, ಚಿಕಿತ್ಸೆಯ ಖರ್ಚು ಕೊಡುವಂತೆ, ಅವಳ ಸ್ತ್ರೀಧನವನ್ನೂ ಅವಳಿಗೆ ಸೇರಬೇಕಾದ ವಸ್ತುಗಳನ್ನೂ ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ತಾಯಿ ಕಾರ್ಡು, ಜನನ ಪತ್ರ, ಆಧಾರ್ ಬೇಕೆಂದು ಅರ್ಜಿಯಲ್ಲೇ ಬರೆಯಿಸಿ. ಅವಿಲ್ಲದಿದ್ದರೆ ಕೂಸಿನ ಯಾವ ಕಾಗದವೂ ಮುಂದೆ ಹೋಗುವುದಿಲ್ಲ. ಮದುವೆಯ ಮುಂಚೆ ಕೇಳಿದ್ದು ಮಾತ್ರ ವರದಕ್ಷಿಣೆ ಅಲ್ಲ. ಮದುವೆಯಾದ ಮೇಲೆ ಯಾವಾಗ ಕೇಳಿದರೂ ವರದಕ್ಷಿಣೆಯಾಗಬಹುದು. 'ಔಷಧಿ ಖರ್ಚಿಗೆ ತವರಿಂದ ತಾ' ಎಂದು ಹಿಂಸಿಸಿದರೆ ಹಿಂದೆ 498ಎ ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ನೆರವಿದೆ. ತುರ್ತಿಗೆ 181, ಮಕ್ಕಳಿಗೆ 1098 ಇದೆ.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ತೆಗೆದುಕೊಳ್ಳಬೇಕಾದ ಸಂರಕ್ಷಣಾಧಿಕಾರಿ ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಯಾರು? ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿಡಿಪಿಒ ಎನ್ನುವವರು. ಅಂಗನವಾಡಿಗಳನ್ನು ನೋಡಿಕೊಳ್ಳುವವರೂ ಅವರೇ. ಏಟು ತಿಂದ ತಾಯಿಯ ಕಡತ ಮತ್ತು ತೂಕವಿಲ್ಲದ, ಮಾತಿಲ್ಲದ ಕೂಸಿನ ಕಡತ ಎರಡೂ ಒಂದೇ ಕಚೇರಿಯ ಬೀರುವಿನಲ್ಲಿವೆ. ಅವೆರಡನ್ನೂ ಒಟ್ಟಿಗೆ ಬಿಚ್ಚಿ ನೋಡುವವರಿಲ್ಲ, ಅಷ್ಟೇ. ನಾವೂ ನೋಡಿರಲಿಲ್ಲ. ಆ ತಂಗಿಯ ವಿಷಯದಲ್ಲಿ ನಮ್ಮ ಸಂಘವೇ ಆ ತಪ್ಪು ಮಾಡಿತು, ಅದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ನನಗೆ ಈ ಮಾತೆಲ್ಲ ಆಡುವ ಹಕ್ಕಿಲ್ಲ.

ಹಾಗಾಗಿ ಈ ಸಭೆ ಮೂರು ಕೆಲಸ ಹಮ್ಮಿಕೊಳ್ಳಬೇಕೆಂದು ನನ್ನ ಕೋರಿಕೆ. ಒಂದು, ನಮ್ಮ ಯಾವುದೇ ಸಂಘಕ್ಕೆ ಹೊಡೆತದ ದೂರು ತಂದ ಹೆಣ್ಣಿನ ಕೈಯಲ್ಲಿ ಎಳೆಯ ಕೂಸಿದ್ದರೆ, ಅವತ್ತೇ ತಾಯಿ ಕಾರ್ಡಿನ ಗುರುತುಗಳನ್ನು ಇಟ್ಟುಕೊಂಡು ಅದರ ಕಿವಿ, ಮಾತು, ನಡಿಗೆ ವಿಚಾರಿಸುವುದು. ಎರಡು, ತಡವಿರುವ ಕೂಸಿನ ತಾಯಿ ಅಂಗನವಾಡಿಗೆ ಬಂದರೆ, ಮರೆಯಲ್ಲಿ ಒಂದು ಸಲ, 'ಮನೆಯಲ್ಲಿ ಹೇಗಿದ್ದೀಯವ್ವ?' ಎಂದು ಕೇಳುವುದು. ಮೂರು, ಮೂರು ತಾಲ್ಲೂಕಿನ ಸಿಡಿಪಿಒಗಳ ಮುಂದೆ ಕೂತು, ಈ ಎರಡು ಕಡತಗಳನ್ನು ತಿಂಗಳಿಗೊಮ್ಮೆ ಒಟ್ಟಿಗೆ ನೋಡಬೇಕೆಂದು ಕೇಳುವುದು.

ಆ ಹುಡುಗ ಈಗ ಏನಾದ ಎಂದು ಕೇಳುತ್ತೀರಿ. ಕಿವಿಗೆ ಯಂತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ. ಮಾತು ಪೂರ್ತಿ ತಿಳಿಯದು, ತಾಯಿಗೆ ತಿಳಿಯುತ್ತದೆ. ಮಾತು ಕಲಿಸುವುದನ್ನು ಅವಳೂ ಅಲ್ಲೇ ಕಲಿತಳು. ಹೋದ ಸಲ ನಾನು ಅವರ ಮನೆಗೆ ಹೋದಾಗ ಅವನು ಬಾಗಿಲಲ್ಲಿ ನಿಂತು ಒಳಗೆ ಕೂಗಿದ: 'ಅವ್ವ, ಅಕ್ಕ ಬಂತು.' ಎರಡು ವರ್ಷಕ್ಕೆ ಬರಬೇಕಾದ ಮಾತು, ಏಳು ವರ್ಷಕ್ಕೆ ಬಂದಿತ್ತು. ಸಂತೋಷವಾಯಿತು. ಆದರೆ ನಡುವಿನ ಐದು ವರ್ಷ ಎಲ್ಲಿ ಹೋಯಿತು ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಅದರಲ್ಲಿ ಒಂದಷ್ಟು ನಮ್ಮ ಲೆಕ್ಕಕ್ಕೂ ಬರುತ್ತದೆ. ಮುಂದಿನ ಕೂಸಿಗೆ ಹಾಗಾಗದಿರಲಿ.